ಸ್ಟೇರಿಂಗ್ ಹಿಡಿದವರ ಸೊಂಟದ ಸುತ್ತಳತೆ

ಮಾಣಿ ಕಳೆದು ಪುತ್ತೂರಿನತ್ತ ಬರುವ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಕಬಕದಲ್ಲಿ ವಿಟ್ಲದ ರಸ್ತೆ ಬಂದು ಸೇರುತ್ತದೆ. ಬೆಳಕು ಹರಿಯುವ ಮೊದಲೇ ಇಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಅಂಗಡಿಗಳ ಬಾಗಿಲು ಬಿದ್ದ ಮೇಲೂ ಸುಳ್ಯ, ಮಡಿಕೇರಿ, ಮೈಸೂರು ಕಡೆಯ ಬಸ್ಸುಗಳು ಹಾದುಹೋಗುತ್ತವೆ. ರೈಲಿನವರಿಗೂ ಈ ಊರಿನ ಹೆಸರು ಬಾಯಿಪಾಠ. ಪುತ್ತೂರು ಪೇಟೆಯ ನಿಲ್ದಾಣದ ಫಲಕದಲ್ಲಿ ‘ಕಬಕ ಪುತ್ತೂರು’ ಎಂದೇ ಇದೆ. ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗದಲ್ಲಿ ಪುತ್ತೂರು, ಸುಳ್ಯ, ಧರ್ಮಸ್ಥಳ, ಬಿ.ಸಿ.ರೋಡ್, ಮಡಿಕೇರಿ ಡಿಪೋಗಳಿವೆ. ಇಲ್ಲಿನ ಡ್ರೈವರುಗಳ ಹತ್ತಿರ ಆರೋಗ್ಯದ ವಿಷಯ ಎತ್ತಿದರೆ ಸಾಕು, ‘ಕೆಲಸಕ್ಕೆ ಸೇರುವಾಗ ಸಪೂರ ಇದ್ದೆ ಮಾರಾಯ್ರೆ, ಕೂತು ಕೂತು ಹೊಟ್ಟೆ ಬಂತು’ ಎಂಬ ಮಾತು ಬರುತ್ತದೆ.

ಅದರ ಹಿಂದೆಯೇ ಉಪದೇಶವೂ ಬರುತ್ತದೆ: ಅನ್ನ ಕಡಿಮೆ ಮಾಡಿ, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗಿ. ಬೆಳಗಿನ ಜಾವವೇ ಡಿಪೋದಲ್ಲಿ ಹಾಜರಾತಿ ಹಾಕಬೇಕಾದವರಿಗೆ ಹೀಗೆ ಹೇಳುವುದು ಅನ್ಯಾಯ. ಇವರ ತೂಕದ ಲೆಕ್ಕವನ್ನು ಊಟದ ಬಟ್ಟಲಿಗಿಂತ ಮೊದಲು ಡ್ಯೂಟಿ ಪಟ್ಟಿಯಲ್ಲಿ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೈಟ್ ಹಾಲ್ಟ್ ಡ್ಯೂಟಿಯನ್ನೇ ನೋಡಿ. ಕೊನೆಯ ಟ್ರಿಪ್ ಹಳ್ಳಿಯ ತುದಿ ಮುಟ್ಟುವಾಗ ರಾತ್ರಿ ಒಂಬತ್ತಾಗಿರುತ್ತದೆ. ಟಿಕೆಟ್ ಮೆಷಿನಿನ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆ ನೋಡಿ ಕಂಡಕ್ಟರ್ ಏಳುವಷ್ಟರಲ್ಲಿ ಇನ್ನರ್ಧ ಗಂಟೆ. ಹಳ್ಳಿಯ ಹೋಟೆಲು ತೆರೆದಿದ್ದರೆ ಪರೋಟ, ಇಲ್ಲದಿದ್ದರೆ ಪೇಟೆಯಲ್ಲೇ ಕಟ್ಟಿಸಿಕೊಂಡು ಬಂದ ಪೊಟ್ಟಣ. ಇಡೀ ದಿನ ಅದುಮಿಟ್ಟ ಹಸಿವೆಲ್ಲ ಆಗ ಒಮ್ಮೆಲೇ ಕೆರಳುತ್ತದೆ. ಉಂಡು ಕೈ ತೊಳೆದು ಬಸ್ಸಿನಲ್ಲೇ, ಉದ್ದ ಸೀಟಿನ ಮೇಲೋ ನಡುವೆ ಚಾಪೆ ಹಾಸಿಯೋ ಮಲಗಬೇಕು. ಕಿಟಕಿ ಮುಚ್ಚಿದರೆ ಸೆಖೆ, ತೆರೆದರೆ ಸೊಳ್ಳೆ. ಐದಕ್ಕೆ ಎದ್ದು, ಕಾಲೇಜಿಗೆ, ಆಸ್ಪತ್ರೆಗೆ, ಪೇಟೆಯ ಕೆಲಸಕ್ಕೆ ಹೊರಟವರನ್ನು ತುಂಬಿಕೊಂಡು ಮೊದಲ ಟ್ರಿಪ್ ಬಿಡಬೇಕು. ಎಂಟರ ಹೊತ್ತಿಗೆ ಬನ್ಸ್, ಹನ್ನೊಂದಕ್ಕೆ ಗೋಳಿಬಜೆ, ಟ್ರಿಪ್ಪಿಗೊಂದು ಚಾ. ಮಧ್ಯಾಹ್ನದ ಊಟ ಮೂರಕ್ಕೆ ಸಿಕ್ಕರೆ ಪುಣ್ಯ.

ಆ ಚಾದ ಲೆಕ್ಕ ಹಾಕಬೇಕು. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 8ರಿಂದ 10 ಗ್ರಾಂ. ದಿನಕ್ಕೆ ಏಳು ಚಾ ಆದರೆ 60 ಗ್ರಾಮಿನ ಆಸುಪಾಸು, ಅಂದರೆ ಸುಮಾರು 240 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಡ್ರೈವರ್ ಚಾ ಕುಡಿಯುವುದು ನಾಲಿಗೆ ಚಪಲಕ್ಕಲ್ಲ. ಹಿಂದೆ ಐವತ್ತು ಜೀವ ಇಟ್ಟುಕೊಂಡು ಸಂಪಾಜೆ ಘಾಟಿ ಹತ್ತುವವನು ಕಣ್ಣು ಮುಚ್ಚದಂತೆ ನೋಡಿಕೊಳ್ಳಲು ಅವನ ಕೈಗೆ ಸಿಗುವ ಮದ್ದು ಅದೊಂದೇ.

ಬಸ್ಸಿನವರ ಮೈತೂಕದ ವಿಷಯಕ್ಕೆ ವೈದ್ಯಶಾಸ್ತ್ರದಲ್ಲಿ ದೊಡ್ಡ ಚರಿತ್ರೆಯೇ ಇದೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿದ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ಕೂತೇ ಇರುವ ಡ್ರೈವರ್, ಮೇಲಕ್ಕೂ ಕೆಳಕ್ಕೂ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್. ಇಬ್ಬರದೂ ಅದೇ ಬಸ್ಸು, ಅದೇ ದಾರಿ, ಹೆಚ್ಚುಕಡಿಮೆ ಅದೇ ಬದುಕು. ಆದರೂ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು. ಮೂರು ವರ್ಷದ ಬಳಿಕ ಇದೇ ತಂಡ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಎಳೆಯರಿಂದ ಹಿರಿಯರವರೆಗೆ ಎಲ್ಲ ವಯಸ್ಸಿನಲ್ಲೂ ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು.

ಹಾಗಾದರೆ ತಪ್ಪು ಸೀಟಿನದ್ದೋ, ದಪ್ಪ ಮೈಯವರೇ ಆ ಸೀಟಿಗೆ ಬಂದರೋ ಎಂಬ ಪ್ರಶ್ನೆ ಎದ್ದಿತು. ಅದಕ್ಕೂ ಅಂಕಿ ಅಂಶದಲ್ಲೇ ಒಂದು ಸುಳಿವಿತ್ತು: ಸಪೂರ ಇರಲಿ, ಮಧ್ಯಮ ಇರಲಿ, ದಪ್ಪ ಇರಲಿ, ಹೃದಯ ನಿಂತು ಹಠಾತ್ತನೆ ಸಾಯುವುದು ಡ್ರೈವರುಗಳಲ್ಲೇ ಹೆಚ್ಚು. ನಾನು ಇದನ್ನು ಮತ್ತೆ ಮತ್ತೆ ನೆನೆಯುತ್ತೇನೆ. ತಕ್ಕಡಿಯ ಮುಳ್ಳು ಇಳಿದ ಮಾತ್ರಕ್ಕೆ ಸೀಟಿನ ಅಪಾಯ ಇಳಿದಂತಲ್ಲ.

ನಮ್ಮ ಸೀಮೆಯ ಹಳೆಯ ರಾತ್ರಿಪಾಳಿಯವರೆಂದರೆ ಯಕ್ಷಗಾನದ ಕಲಾವಿದರು. ತಿರುಗಾಟದ ತಿಂಗಳುಗಳಲ್ಲಿ, ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅವರೂ ರಾತ್ರಿ ನಿದ್ದೆಗೆಟ್ಟವರೇ. ಆದರೆ ಅವರು ಕುಣಿಯುತ್ತಾ ನಿದ್ದೆಗೆಟ್ಟರು. ಡ್ರೈವರ್ ಕೂತಲ್ಲೇ ನಿದ್ದೆಗೆಡುತ್ತಾನೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳ ಘಾಟಿಯಲ್ಲಿ ಗೂಡ್ಸ್ ರೈಲು ಇಳಿಸುವ ಲೋಕೊ ಪೈಲಟ್‌ಗಳ ಪಾಡೂ ಬೇರೆಯಲ್ಲ.

ಇನ್ನು ನಿದ್ದೆಯ ವಿಷಯ. ತೂಕ ಇಳಿಸುವ ಮಾತಿನಲ್ಲಿ ನಾವು ಯಾವಾಗಲೂ ಕೊನೆಗೆ ತಳ್ಳುವ ಇದನ್ನು ಪಾಳಿಯವರ ಪಟ್ಟಿಯಲ್ಲಿ ಮೊದಲಿಗೆ ಬರೆಯಬೇಕು. ಶಿಕಾಗೊ ವಿಶ್ವವಿದ್ಯಾಲಯದವರು 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. 2004ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಹೊಟ್ಟೆ ತುಂಬಿತೆಂದು ಮೆದುಳಿಗೆ ಹೇಳುವ ಲೆಪ್ಟಿನ್ ಶೇ 18 ಇಳಿದಿತ್ತು, ಹಸಿವು ಎಬ್ಬಿಸುವ ಗ್ರೆಲಿನ್ ಶೇ 28 ಏರಿತ್ತು. ಅವರ ಬಾಯಿ ಬೇಡಿದ್ದು ಸಿಹಿಯನ್ನು, ಉಪ್ಪುಖಾರವನ್ನು, ಹಿಟ್ಟಿನ ತಿಂಡಿಯನ್ನು. ಹನ್ನೊಂದರ ಗೋಳಿಬಜೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕೆ? ಮನಸ್ಸು ಗಟ್ಟಿಯಿಲ್ಲ ಎಂದು ತನ್ನನ್ನೇ ಬೈದುಕೊಳ್ಳುವ ಕಂಡಕ್ಟರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಅಲ್ಲಿಯದ್ದೇ ಇನ್ನೊಂದು ಅಧ್ಯಯನ 2022ರದ್ದು. ಆರೂವರೆ ಗಂಟೆಗಿಂತ ಕಡಿಮೆ ನಿದ್ರಿಸುವ, ಮೈತೂಕ ಹೆಚ್ಚಿದ್ದ 80 ಮಂದಿಯಲ್ಲಿ ಒಂದು ಪಾಲಿನವರಿಗೆ ನಿದ್ದೆ ಹೆಚ್ಚಿಸುವ ದಾರಿ ಹೇಳಿಕೊಟ್ಟರು. ಏನು ತಿನ್ನಬೇಕೆಂದು ಒಂದು ಮಾತೂ ಹೇಳಲಿಲ್ಲ. ನಿದ್ದೆ ಸುಮಾರು 1.2 ಗಂಟೆ ಹೆಚ್ಚಾಯಿತು. ಅವರು ತಿನ್ನುವುದು, ಹೆಚ್ಚು ಮಲಗದ ಉಳಿದವರಿಗೆ ಹೋಲಿಸಿದರೆ, ದಿನಕ್ಕೆ 270 ಕ್ಯಾಲೊರಿಯಷ್ಟು ತಗ್ಗಿತು. ಏಳು ಚಾದ ಸಕ್ಕರೆಯನ್ನೂ ಮೀರಿಸುವ ಲೆಕ್ಕ ಇದು.

ನಿದ್ದೆಯ ಹಿಂದೆಯೇ ಬರುವುದು ಊಟದ ಹೊತ್ತು. ಬಾಸ್ಟನ್‌ನ ಸಂಶೋಧಕರು ರಾತ್ರಿಪಾಳಿಯವರ ಹಾಗೆ ಎಚ್ಚರವಿರಿಸಿದ 19 ಮಂದಿಯಲ್ಲಿ ಕೆಲವರಿಗೆ ರಾತ್ರಿಯೂ ಊಟ ಕೊಟ್ಟರು, ಕೆಲವರಿಗೆ ಹಗಲು ಮಾತ್ರ. ರಾತ್ರಿ ಉಂಡವರ ರಕ್ತದ ಸಕ್ಕರೆ ಸರಾಸರಿ ಶೇ 6.4 ಏರಿತು, ಹಗಲು ಉಂಡವರದ್ದು ಹಾಗೆ ಏರಲಿಲ್ಲ. ಸ್ಯಾನ್ ಡಿಯಾಗೊದಲ್ಲಿ 24 ಗಂಟೆಯ ಪಾಳಿ ಮಾಡುವ 137 ಮಂದಿ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಒಂದು ತಂಡ 12 ವಾರ ದಿನದ ಊಟ ತಿಂಡಿಯನ್ನೆಲ್ಲ ಹತ್ತು ಗಂಟೆಯ ಒಳಗೆ ಮುಗಿಸಲು ಒಪ್ಪಿತು, ಮುಗಿಸಿತು. ಮೊದಲೇ ಸಕ್ಕರೆ, ರಕ್ತದೊತ್ತಡ ಏರಿದ್ದವರಿಗೆ ಅದರಿಂದ ಗುಣವೂ ಕಂಡಿತು. ಎಂದರೆ ಇಂಥ ಕೆಲಸದವರಿಗೂ ಇದು ಆಗದ ಮಾತಲ್ಲ.

ನೈಟ್ ಹಾಲ್ಟಿಗೆ ಇದನ್ನು ಹೊಂದಿಸಿದರೆ ಹೀಗಾಗುತ್ತದೆ: ಕೊನೆಯ ಟ್ರಿಪ್ ಹೊರಡುವ ಮೊದಲೇ, ಏಳರ ಒಳಗೆ, ಪೇಟೆಯಲ್ಲಿ ಸರಿಯಾಗಿ ಉಂಡುಬಿಡುವುದು. ಬಸ್ಸು ನಿಲ್ಲಿಸಿದ ಮೇಲೆ ಹಸಿದರೆ ಮಜ್ಜಿಗೆಯೋ ಬಾಳೆಹಣ್ಣೋ ಸಾಕು. ಊಟವೆಂದರೆ ನಮ್ಮ ಕುಚ್ಚಲಕ್ಕಿ ಗಂಜಿಯನ್ನು ಬಿಡಬೇಕಾಗಿಲ್ಲ. ಅನ್ನದ ಪಾಲು ತುಸು ಇಳಿಸಿ, ಪಕ್ಕದಲ್ಲಿ ಹುರುಳಿ ಚಟ್ನಿ, ಹೆಸರು ಪಲ್ಯ, ಮೀನು ತಿನ್ನುವವರು ಬೂತಾಯಿ ಪುಳಿಮುಂಚಿ ಹೆಚ್ಚಿಸಿಕೊಂಡರಾಯಿತು. ಚಾಕ್ಕೆ ಮೊದಲು ಅರ್ಧ ಚಮಚ ಸಕ್ಕರೆ ಇಳಿಸಿ ನೋಡಿ. ಟ್ರಿಪ್ಪಿನ ನಡುವಿನ ಹತ್ತು ನಿಮಿಷ ಬಸ್ ನಿಲ್ದಾಣದ ಉದ್ದಕ್ಕೂ ನಡೆದರೆ ಅದೂ ನಡಿಗೆಯೇ. ಅಳೆಯುವುದಿದ್ದರೆ ತಕ್ಕಡಿಗಿಂತ ಟೇಪು ಒಳ್ಳೆಯದು: ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಸೊಂಟದ ಗಡಿ.

ಎರಡು ಎಚ್ಚರಿಕೆಗಳನ್ನು ಮಾತ್ರ ಬಿಡುವ ಹಾಗಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವ ಡ್ರೈವರ್ ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. ಕೆಲವು ಮಾತ್ರೆಗಳಿಂದ ಸಕ್ಕರೆ ದಿಢೀರನೆ ಇಳಿದು ಸ್ಟೇರಿಂಗ್ ಮೇಲೇ ಕಣ್ಣು ಕತ್ತಲೆ ಬರಬಹುದು. ಇನ್ನೊಂದು ಗೊರಕೆ. ಕತ್ತು ದಪ್ಪಗಾಗಿ, ಮಲಗಿದಾಗ ಉಸಿರು ಕಟ್ಟಿ ಕಟ್ಟಿ ಬರುವ ಗೊರಕೆ ರೋಗದ ಲಕ್ಷಣ. ಎಂಟು ಗಂಟೆ ಮಲಗಿದರೂ ಅಂಥವರಿಗೆ ನಿದ್ದೆ ಆಗಿರುವುದಿಲ್ಲ, ಹಗಲು ತೂಕಡಿಕೆ ಬಿಡುವುದಿಲ್ಲ, ಹಸಿವೂ ಬಿಡುವುದಿಲ್ಲ. ಇದನ್ನು ಮನೆಯವರು ನಕ್ಕು ಮರೆಯದೆ ಡಾಕ್ಟರರ ಬಳಿ ಕರೆದುಕೊಂಡು ಹೋಗಬೇಕು.

ತೂಕ ಇಳಿಯಲಿಲ್ಲವೆಂದು ಎಲ್ಲವನ್ನೂ ಕೈಬಿಡುವವರಿಗೆ ಚೆನ್ನೈಯಿಂದ ಒಂದು ಸಮಾಧಾನವಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ನಡಿಗೆ ತಿದ್ದಿಕೊಂಡವರಿಗೆ ಕಾಯಿಲೆ ಬರುವ ಸಂಭವ ಶೇ 28.5 ತಗ್ಗಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ.

ಇಷ್ಟೆಲ್ಲ ಹೇಳಿ ಹೊಣೆಯನ್ನು ನೌಕರರ ಹೆಗಲಿಗೇ ಹೊರಿಸಿ ಹೋಗಲಾರೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆಯಲಾಗಿತ್ತು. ಒಂಬತ್ತೂವರೆಗೆ ಲೆಕ್ಕ ಮುಗಿಸಿ ಐದಕ್ಕೆ ಏಳುವವರಿಗೆ ಆ ಒಂಬತ್ತು ಗಂಟೆ ಎಲ್ಲಿ ಸಿಕ್ಕಿತು? 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂತು. ಲಕ್ಷಾಂತರ ಹೆಂಗಸರಿಗೆ ಅದರಿಂದ ಒಳ್ಳೆಯದಾಗಿದೆ, ಬಸ್ಸು ತುಂಬಿದೆ, ಕಂಡಕ್ಟರ್ ಹೊಡೆಯುವ ಟಿಕೆಟ್ಟೂ ಹೆಚ್ಚಿದೆ. ನಿಗಮವು ನೌಕರರಿಗಾಗಿ 2025ರ ಜನವರಿಯಲ್ಲಿ ನಗದುರಹಿತ ಚಿಕಿತ್ಸೆಯ ‘ಆರೋಗ್ಯ’ ಯೋಜನೆ ಆರಂಭಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಅದು ಕಾಯಿಲೆ ಬಂದ ಮೇಲಿನ ಮಾತು.

ಮನೆಯಿಂದ ಬುತ್ತಿ ತನ್ನಿ ಎನ್ನುವವರು ಆ ಬುತ್ತಿ ಕಟ್ಟುವವರು ಯಾರು ಎಂದು ಯೋಚಿಸುವುದಿಲ್ಲ. ಗಂಡನ ಡ್ಯೂಟಿಗೆಂದು ಹೆಂಡತಿ ಮೂರೂವರೆಗೆ ಏಳಬೇಕು. ಅವಳ ನಿದ್ದೆಯೂ ಹೋಯಿತು. ಕಂಡಕ್ಟರ್ ಹೆಂಗಸೇ ಆಗಿದ್ದರೆ ತನ್ನದನ್ನೂ ಮಕ್ಕಳದ್ದನ್ನೂ ಕಟ್ಟಿಟ್ಟು ಬರಬೇಕು. ಮೇಲಾಗಿ ದಾರಿಯಲ್ಲಿ ಸರಿಯಾದ ಶೌಚಾಲಯ ಸಿಗದೆಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾಳೆ. ಡಿಪೋ ಕ್ಯಾಂಟೀನು ಬೆಳಿಗ್ಗೆ ನಾಲ್ಕಕ್ಕೇ ತೆರೆಯಲಿ. ಸಂಜೆ ಆರಕ್ಕೆ ಗಂಜಿ, ಪಲ್ಯ, ಮೊಟ್ಟೆ ಬಿಸಿಯಾಗಿ ಸಿಗಲಿ. ಹಾಲ್ಟ್ ಆಗುವ ಹಳ್ಳಿಗಳಲ್ಲಿ ಪಂಚಾಯಿತಿಯವರು ಫ್ಯಾನು, ಸೊಳ್ಳೆಪರದೆ, ಶೌಚಾಲಯ ಇರುವ ಒಂದು ಕೋಣೆ ಕೊಡಲಿ. ರಾತ್ರಿ ಹಾಲ್ಟ್ ಮಾಡಿದವರ ಮರುದಿನದ ಡ್ಯೂಟಿ ಮಧ್ಯಾಹ್ನದೊಳಗೆ ಮುಗಿಯುವಂತೆ ಶೆಡ್ಯೂಲ್ ಹಾಕುವವರು ನೋಡಿಕೊಳ್ಳಲಿ.