ಅನಾವೃಷ್ಟಿಯೂ ದ್ರಾಕ್ಷಿಯ ರಸವೂ

ಮಳೆ ಕಡಿಮೆಯಾದ ವರ್ಷದ ದ್ರಾಕ್ಷಿಯಲ್ಲಿ ರಸ ಗಾಢವಾಗಿರುತ್ತದೆ, ಅದರಿಂದ ತೆಗೆದ ದ್ರಾಕ್ಷಾರಸ ಶ್ರೇಷ್ಠವಾಗಿರುತ್ತದೆ ಎಂಬ ಮಾತು ತಿಳಿದವರ ನಡುವೆ ಬಹುಕಾಲದಿಂದ ಸಂಚರಿಸುತ್ತಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅರ್ಧ ಸತ್ಯವು ಅಧಿಕಾರಿಗಳ ಮೇಜಿನ ಮೇಲೆ ಪೂರ್ಣ ಸತ್ಯದ ವೇಷದಲ್ಲಿ ಕುಳಿತಾಗ ರೈತನಿಗೆ ಆಗುವ ಅಪಾಯವು ಸಣ್ಣದಲ್ಲ. ಆದುದರಿಂದ ಬರವು ದ್ರಾಕ್ಷಿಯ ಕಾಯಿಯೊಳಗೆ ನಿಜವಾಗಿ ಏನು ಮಾಡುತ್ತದೆ, ಅದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ನಮ್ಮ ಆಯನೂರಿಗೂ ದ್ರಾಕ್ಷಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮದು ಭತ್ತ, ಜೋಳ, ಅಡಿಕೆಗಳ ಸೀಮೆ. ದ್ರಾಕ್ಷಿಯು ವಿಜಯಪುರ, ಬಾಗಲಕೋಟೆಗಳದು, ನಂದಿಬೆಟ್ಟದ ಸುತ್ತಿನ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳದು. ಆದರೆ ಬರವು ಸೀಮೆ ನೋಡಿ ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರದವರೇ ಸಾರಿದರು. ಒಣಸೀಮೆಯ ಬಳ್ಳಿ ಕಲಿಸುವ ಪಾಠವು ಮಲೆನಾಡಿನ ಅಂಚಿನ ತೋಟಕ್ಕೂ ಅನ್ವಯಿಸುವುದು.

ಇನ್ನು ಶಾಸ್ತ್ರದ ವಿಷಯ. ಬೇರಿಗೆ ನೀರು ಸಾಲದೆ ಬಂದಾಗ ಬೇರೂ ಎಲೆಯೂ ಒಂದು ಬಗೆಯ ಆಮ್ಲವನ್ನು ಹುಟ್ಟಿಸುತ್ತವೆ. ಶಾಸ್ತ್ರಜ್ಞರು ಅದನ್ನು ಆಬ್ಸಿಸಿಕ್ ಆಮ್ಲವೆನ್ನುತ್ತಾರೆ. ಅದರ ಸಂಕೇತದಂತೆ ಎಲೆಯ ಸೂಕ್ಷ್ಮರಂಧ್ರಗಳು ಮುಚ್ಚಿಕೊಂಡು ನೀರು ಆವಿಯಾಗುವುದು ತಗ್ಗುತ್ತದೆ. ಚಿಗುರು ನಿಲ್ಲುತ್ತದೆ, ಕಾಯಿ ಸಣ್ಣದಾಗುತ್ತದೆ. ಕಪ್ಪು ದ್ರಾಕ್ಷಿಯ ಬಣ್ಣವೂ ಒಗರೂ ಬಹುಮಟ್ಟಿಗೆ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇರುವುದಷ್ಟೆ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ಅಲ್ಲದೆ ಅದೇ ಆಬ್ಸಿಸಿಕ್ ಆಮ್ಲವು ಆಂಥೋಸಯನಿನ್ ಎಂಬ ಬಣ್ಣದ ದ್ರವ್ಯದ ಉತ್ಪತ್ತಿಯನ್ನೂ ಪ್ರಚೋದಿಸುತ್ತದೆ. ಮಿತವಾದ ಬಾಯಾರಿಕೆಯಿಂದ ಗಾಢವಾದ ಬಣ್ಣವೂ ಗಟ್ಟಿಯಾದ ರುಚಿಯೂ ಬರುವ ರಹಸ್ಯ ಇದೇ.

ಸಕ್ಕರೆಯ ವಿಷಯದಲ್ಲಿ ಮಾತ್ರ ಜನರು ಮೋಸಹೋಗುವುದುಂಟು. ಬರದ ವರ್ಷದ ರಸವನ್ನು ಅಳತೆಯ ಕೊಳವೆಗೆ ಹಿಡಿದರೆ ಸಕ್ಕರೆಯ ಅಂಕಿ ಮೇಲೇರಿರುತ್ತದೆ. ಆದರೆ ಅನೇಕ ವೇಳೆ ಸಕ್ಕರೆ ಹೆಚ್ಚಿರುವುದಿಲ್ಲ, ನೀರು ಕಡಿಮೆಯಾಗಿರುತ್ತದೆ. ಬಾಯಾರಿಕೆ ಮಿತಿಮೀರಿದರೆ ಎಲೆಯು ಆಹಾರ ತಯಾರಿಸುವುದನ್ನೇ ನಿಲ್ಲಿಸುವುದರಿಂದ ಸಕ್ಕರೆ ಸೇರುವುದೂ ನಿಂತು ಕಾಯಿ ಮಾಗದೆ ಬಾಡುತ್ತದೆ. ಎಲೆ ಉದುರಿ ಗೊನೆಗೆ ನೇರ ಬಿಸಿಲು ತಾಗಿದರೆ ಮ್ಯಾಲಿಕ್ ಎಂಬ ಹುಳಿಯು ಬೇಗ ಕರಗಿಹೋಗುತ್ತದೆ. ಟಾರ್ಟಾರಿಕ್ ಹುಳಿಯು ಹೆಚ್ಚು ತಾಳಿಕೊಳ್ಳುತ್ತದೆ. ಉಷ್ಣವು 35 ಡಿಗ್ರಿಯನ್ನು ಮೀರಿ ನಿಂತರೆ ಬರವು ಕೊಟ್ಟ ಬಣ್ಣವನ್ನು ಬಿಸಿಲು ಕಸಿದುಕೊಳ್ಳುತ್ತದೆ. ಹುಳಿ ತಗ್ಗಿದ ರಸವು ಸಪ್ಪೆಯಾಗುವುದಲ್ಲದೆ ಕೆಡುವುದಕ್ಕೂ ಸುಲಭವಾಗಿ ಗುರಿಯಾಗುತ್ತದೆ. ಒಣಗಿದ ಮಣ್ಣಿನಿಂದ ಸಾರಜನಕವು ಸಾಲದೆ ಬಂದರೆ ರಸವನ್ನು ಹುದುಗಿಸುವ ಅಣುಜೀವಿಗೂ ಆಹಾರ ಸಾಲದೆ ಹುದುಗುವಿಕೆ ನಡುವೆಯೇ ಕುಂಟುತ್ತದೆ.

ಹೀಗಿರುವಲ್ಲಿ ಪ್ರಶ್ನೆಯು ಬರ ಬೇಕೋ ಬೇಡವೋ ಎಂಬುದಲ್ಲ. ಬಾಯಾರಿಕೆ ಎಷ್ಟು, ಯಾವಾಗ, ಯಾರ ಕೈಯಲ್ಲಿ ಎಂಬುದು. ಕಾಯಿ ಬಣ್ಣಕ್ಕೆ ತಿರುಗುವ ಮುಂಚೆ ನೀರನ್ನು ಅಳತೆಯಿಂದ ತಗ್ಗಿಸಿದರೆ ಕಾಯಿಯ ಗಾತ್ರ ತಗ್ಗುತ್ತದೆ; ತಿರುಗಿದ ಮೇಲೆ ತಗ್ಗಿಸಿದರೆ ಬಣ್ಣ ಏರುತ್ತದೆ. ಆಸ್ಟ್ರೇಲಿಯಾ ದೇಶದವರು 1990ರ ದಶಕದಲ್ಲಿ ಬೇರಿನ ಒಂದು ಪಕ್ಕಕ್ಕೆ ನೀರುಣಿಸಿ ಇನ್ನೊಂದು ಪಕ್ಕವನ್ನು ಒಣಗಿಸಿ, ಕೆಲವು ದಿನಗಳ ಮೇಲೆ ಪಕ್ಕ ಬದಲಿಸುವ ಕ್ರಮವನ್ನು ರೂಢಿಗೆ ತಂದರು. ಇದು ನೀರುಳ್ಳವನು ನೀರನ್ನು ತಡೆಹಿಡಿಯುವ ವಿದ್ಯೆ. ನೀರೇ ಇಲ್ಲದವನ ಗತಿಯನ್ನು ಈ ವಿದ್ಯೆಯ ಹೆಸರಿನಿಂದ ಕರೆಯುವುದು ಉಪವಾಸ ಬಿದ್ದವನನ್ನು ವ್ರತಸ್ಥನೆಂದು ಹೊಗಳಿದಂತೆ.

ನಮ್ಮ ಉತ್ತರದ ಜಿಲ್ಲೆಗಳ ಬಳ್ಳಿಯ ಕ್ರಮವೇ ಬೇರೆ. ಅಲ್ಲಿನವರು ಚಾಟ್ನಿ ಎನ್ನುವ ಸವರುವಿಕೆಯು ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು. ಎಂದರೆ ಕಾಯಿ ಮಾಗುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಬಳ್ಳಿಯ ಬದುಕು ಕಾಲುವೆ, ಕೊಳವೆಬಾವಿಗಳನ್ನೇ ನಂಬಿರುವುದು. ಮುಂಗಾರು ಸೋತರೆ ಬಾವಿಯು ಆಳಕ್ಕಿಳಿಯುತ್ತದೆ, ಆಳದ ನೀರಿನಲ್ಲಿ ಉಪ್ಪು ಹೆಚ್ಚಿರುವುದುಂಟು. ಆ ಉಪ್ಪು ಎಲೆಯ ಅಂಚನ್ನು ಸುಟ್ಟು ರಸದೊಳಕ್ಕೂ ಸೇರುತ್ತದೆ. ಇದನ್ನು ತಾಳಲೆಂದೇ ಡಾಗ್‌ರಿಜ್ ಎಂಬ ವಿದೇಶೀ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿಯಾಗಿದೆ. ಏಪ್ರಿಲ್ ಚಾಟ್ನಿಯ ನಂತರ ಬೇಸಿಗೆಯಲ್ಲಿ ನೀರು ತೀರ ತಪ್ಪಿದರಂತೂ ಮುಂದಿನ ಫಸಲಿನ ಮೊಗ್ಗು ಕಟ್ಟಬೇಕಾದ ಕಡ್ಡಿಯೇ ಬೆಳೆಯುವುದಿಲ್ಲ. ಒಂದು ಬರವು ಎರಡು ಫಸಲನ್ನು ನುಂಗುವುದು ಹೀಗೆ.

ಲೆಕ್ಕ ಹಾಕಿ ನೋಡೋಣ. ಹತ್ತು ಟನ್ ಬರುತ್ತಿದ್ದ ತೋಟದಲ್ಲಿ ಆರು ಟನ್ ಬಂದಿತೆಂದುಕೊಳ್ಳಿ. ರಸವು ಗಾಢವಾಯಿತೆಂಬುದು ನಿಜವಿರಲಿ. ತೂಕಕ್ಕೆ ಬೆಲೆ ಕಟ್ಟುವ ಪೇಟೆಯಲ್ಲಿ ರೈತನಿಗೆ ಸಿಕ್ಕುವುದು ಆರು ಟನ್ನಿನ ಹಣ, ಅದರಲ್ಲಿಯೂ ಟ್ಯಾಂಕರ್ ನೀರಿನ ಬಾಬತ್ತು ಕಳೆದು. ಬಣ್ಣವೂ ರುಚಿಯೂ ಕಾರ್ಖಾನೆಯ ಪಾಲಿಗೆ. ವಿಜಯಪುರದ ಬಿಳಿ ದ್ರಾಕ್ಷಿಯು ಬಹುಪಾಲು ಒಣದ್ರಾಕ್ಷಿಯಾಗುವುದರಿಂದ ಅಲ್ಲಿ ಬಣ್ಣದ ಲಾಭವೂ ಇಲ್ಲ. ಸಣ್ಣ ಕಾಯಿಯು ಸಣ್ಣ ದರ್ಜೆಗೆ ಬೀಳುತ್ತದೆ.

ದ್ರಾಕ್ಷಾರಸವನ್ನು ಕುಡಿಯಬೇಕೇ ಎಂಬ ಚರ್ಚೆ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಸರ್ಕಾರದವರು 2007ರಲ್ಲಿ ದ್ರಾಕ್ಷಿ ಸಂಸ್ಕರಣೆಗೂ ದ್ರಾಕ್ಷಾರಸಕ್ಕೂ ಒಂದು ನೀತಿಯನ್ನೇ ರಚಿಸಿ ಅದಕ್ಕಾಗಿ ಮಂಡಳಿಯನ್ನು ಸ್ಥಾಪಿಸಿದ ಮೇಲೆ ಬೆಳೆಗಾರನ ಹಿತವನ್ನು ಕಾಯುವ ಹೊಣೆ ಅವರದೇ ಆಗಿದೆ. ರಸದ ಗುಣವನ್ನು ಖರೀದಿಯ ಬಾಗಿಲಲ್ಲಿಯೇ ರೈತನ ಕಣ್ಣೆದುರಿಗೆ ಅಳೆಯತಕ್ಕದ್ದು. ಗುಣಕ್ಕೆ ತಕ್ಕ ಬೆಲೆಯನ್ನು ಮುಂಚೆಯೇ ಕರಾರಿನಲ್ಲಿ ಬರೆಯತಕ್ಕದ್ದು. ಬರಪರಿಹಾರವನ್ನು ಕಟ್ಟುವಾಗ ಮುಂದಿನ ವರ್ಷದ ಮೊಗ್ಗಿನ ನಷ್ಟವನ್ನೂ ಎಣಿಸತಕ್ಕದ್ದು. ಹನಿ ನೀರಾವರಿಗೂ ಕೃಷಿಹೊಂಡಕ್ಕೂ ಬುಡಕ್ಕೆ ಹಾಸುವ ಕಬ್ಬಿನ ರವದಿಗೂ ನೆರವು ಕಾಲಕ್ಕೆ ಸರಿಯಾಗಿ ದೊರೆಯತಕ್ಕದ್ದು.

2024ರ ಬೇಸಿಗೆಯಲ್ಲಿ ನಮ್ಮ ಕಡೆಯ ಅಡಿಕೆ ಬೆಳೆಗಾರರೂ ಟ್ಯಾಂಕರುಗಳ ಹಿಂದೆ ಅಲೆದದ್ದನ್ನು ವಾಚಕರು ಮರೆತಿರಲಾರರು. ಬಾಯಾರಿದ ಗಿಡವು ಒಳ್ಳೆಯ ಫಲವನ್ನು ಕೊಟ್ಟೀತು. ಆದರೆ ಆ ಬಾಯಾರಿಕೆಗೆ ಬೆಲೆ ತೆತ್ತವನನ್ನು ಲೆಕ್ಕದಿಂದ ಬಿಟ್ಟು ಫಲದ ಗುಣವನ್ನು ಕೊಂಡಾಡುವುದು ನ್ಯಾಯವಾಗದು.