ಮಧುಮೇಹಿಯೂ ಪ್ರಸಾದದ ಪಂಕ್ತಿಯೂ

ದಾಸೋಹದ ಪಂಕ್ತಿಯಲ್ಲಿ ಕುಳಿತ ಮಧುಮೇಹಿಗೆ, ಗೋಧಿ ಹುಗ್ಗಿಯ ಪಾತ್ರೆ ಸಮೀಪಿಸಿದೊಡನೆ ಧರ್ಮಸಂಕಟವೊಂದು ಒದಗುವುದುಂಟು. ಹೊಟ್ಟೆತುಂಬ ಉಂಡರೆ ದೇಹಕ್ಕೆ ಅಹಿತ. ಪ್ರಸಾದವಾದರೋ ಅಷ್ಟಾವರಣಗಳಲ್ಲೊಂದು, ಎಲೆಯಲ್ಲಿ ಬಿಟ್ಟೇಳುವುದು ಅಪಚಾರ. ಈ ಇಕ್ಕಟ್ಟಿಗೆ ಅಂಜಿ ಪಂಕ್ತಿಗೆ ಬರುವುದನ್ನೇ ನಿಲ್ಲಿಸಿದ ಹಿರಿಯರುಂಟು. ಅವರನ್ನು ಮರಳಿ ಕರೆಯುವುದಕ್ಕಾಗಿಯೇ ಈ ನಾಲ್ಕು ಮಾತುಗಳು.

ಈ ವ್ಯಾಧಿಯು ನಮ್ಮ ನಾಡಿಗೆ ಹೊಸತಲ್ಲ. ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿ, ಮಧುಮೇಹವನ್ನು ಅವುಗಳಲ್ಲಿ ಎಣಿಸಿವೆ. ಇನ್ಸುಲಿನ್ ಎಂಬ ರಸವು ದೇಹದಲ್ಲಿ ಸಾಲದಾದಾಗ, ಇಲ್ಲವೆ ದೇಹವು ಅದಕ್ಕೆ ಸರಿಯಾಗಿ ಸ್ಪಂದಿಸದಾದಾಗ, ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. ಬರಿಹೊಟ್ಟೆಯಲ್ಲಿ ಅದು ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲಾಗಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹವೆಂದು ವೈದ್ಯರು ನಿರ್ಣಯಿಸುತ್ತಾರೆ.

ರೋಗ ತಿಳಿದೊಡನೆ ಅನೇಕರು ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಿಡಿಯುತ್ತಾರೆ. ಅನ್ನವನ್ನು ಬಿಟ್ಟು ಮುದ್ದೆಯನ್ನೋ ರೊಟ್ಟಿಯನ್ನೋ ಮನಬಂದಷ್ಟು ಉಣ್ಣುತ್ತಾರೆ. ಇದು ಭ್ರಮೆ. ಬೆಲ್ಲವೂ ಜೇನುತುಪ್ಪವೂ ರಕ್ತದ ಸಕ್ಕರೆಯನ್ನು ಏರಿಸತಕ್ಕವೇ. ಜೋಳ, ರಾಗಿಗಳಲ್ಲಿ ನಾರು ಅಧಿಕವೆಂಬುದು ದಿಟ. ಆದರೆ ಅವುಗಳ ಪಿಷ್ಟವೂ ಕಡೆಗೆ ಸಕ್ಕರೆಯೇ ಆಗುವುದರಿಂದ ಅವಕ್ಕೂ ಮಿತಿ ಬೇಕು.

ಹಾಗಾದರೆ ಕ್ರಮವೇನು? ಎಲೆಯ ಅರ್ಧಭಾಗ ಸೊಪ್ಪು, ಪಲ್ಯ, ಕೋಸಂಬರಿ. ಕಾಲುಭಾಗ ಕಾಳು, ಬೇಳೆ. ಉಳಿದ ಕಾಲುಭಾಗ ಮಾತ್ರ ರೊಟ್ಟಿ ಅಥವಾ ಅನ್ನ. ಪಲ್ಯ, ಕಾಳುಗಳನ್ನು ಮೊದಲು ಉಂಡು ಅನ್ನವನ್ನು ಅನಂತರ ಉಂಡರೆ ಸಕ್ಕರೆಯ ಏರಿಕೆಯೂ ಸೌಮ್ಯವಾಗುತ್ತದೆ.

ಎಚ್ಚರಿಕೆಯ ಮಾತೊಂದುಂಟು. ಇನ್ಸುಲಿನ್ನನ್ನೋ ಕೆಲವು ಗುಳಿಗೆಗಳನ್ನೋ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆಯು 70ಕ್ಕಿಂತ ಕೆಳಗಿಳಿದು, ಬೆವರು, ನಡುಕ, ಮಂಕು ಕವಿಯಬಹುದು. ಎಚ್ಚರವಿದ್ದು ನುಂಗಬಲ್ಲವರಿಗೆ ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡುವುದೇ ಮದ್ದು. ಆದಕಾರಣ ಶಿವರಾತ್ರಿಯ ಉಪವಾಸಕ್ಕೆ ಮುನ್ನ ವೈದ್ಯರ ಅನುಮತಿ ಅವಶ್ಯ.

ಇನ್ನು ಪ್ರಸಾದದ ವಿಚಾರ. ಪ್ರಸಾದದ ಮಹಿಮೆ ಭಾವದಲ್ಲಿದೆ, ಪ್ರಮಾಣದಲ್ಲಿಲ್ಲ. ಬಡಿಸುವ ಮುನ್ನವೇ ಕೈಯೊಡ್ಡಿ ಒಂದು ತುತ್ತನ್ನು ಬೇಡಿ, ಅದನ್ನು ಪೂರ್ಣವಾಗಿ ಸ್ವೀಕರಿಸಿದರೆ ಪ್ರಸಾದವೂ ಕೆಡದು, ಪಥ್ಯವೂ ತಪ್ಪದು. ಬಡಿಸುವ ವಿದ್ಯಾರ್ಥಿಗಳು "ಸಾಕು" ಎಂಬ ಮಾತಿಗೆ ಬೆಲೆಯೀಯಲಿ, ಒತ್ತಾಯವೇ ಉಪಚಾರವಲ್ಲ. ಹುಗ್ಗಿಯ ದಾಸೋಹವನ್ನು ಮಾಡಿಸುವ ದಾನಿಗಳು ಅದರೊಡನೆ ಎರಡು ಬುಟ್ಟಿ ಸೌತೆಕಾಯಿಯನ್ನೂ ಒಂದು ಚೀಲ ಹೆಸರುಕಾಳನ್ನೂ ಕಳುಹಿಸಿಕೊಟ್ಟರೆ, ದೂರ ಉಳಿದ ಹಿರಿಯರು ಪುನಃ ಪಂಕ್ತಿಯಲ್ಲಿ ಕುಳಿತಾರು.