ಮೊದಲ ಹುಟ್ಟುಹಬ್ಬಕ್ಕೆ ಅಜ್ಜಿಯ ಸೀರೆಯ ಕೌದಿ

ಠಾಣೆಯ ವರ್ತಕ ನಗರದ ಚಿಕ್ಕ ಮನೆಗಳಲ್ಲಿ, ಮಗುವಿನ ಪ್ರಥಮ ಹುಟ್ಟುಹಬ್ಬಕ್ಕೆ ಬರುವ ಬ್ಯಾಟರಿ ಆಟಿಕೆಗಳನ್ನು ಇರಿಸಲು ಸ್ಥಳವಾದರೂ ಎಲ್ಲಿದೆ? ಸೂಜಿ, ದಾರಗಳಷ್ಟೇ ವೆಚ್ಚದಲ್ಲಿ ಮನೆಯಲ್ಲಿಯೇ ಸಿದ್ಧವಾಗುವ ಉಡುಗೊರೆ ನಮ್ಮ ಉತ್ತರ ಕರ್ನಾಟಕದ ಕೌದಿ.

ಊರಿನಲ್ಲಿರುವ ಅಜ್ಜಿಯ ಹಳೆಯ ನೂಲಿನ ಸೀರೆಯೊಂದನ್ನು ತರಿಸಿಕೊಳ್ಳಿ. ಹುಟ್ಟುಹಬ್ಬಕ್ಕೆ ಬರಲಾಗದ ಆಕೆಯ ಮಡಿಲು ಮಗುವಿಗೆ ಹೀಗಾದರೂ ದೊರೆಯಲಿ. ಜರಿಯಂಚು ಚರ್ಮಕ್ಕೆ ಚುಚ್ಚುವುದರಿಂದ ಅದನ್ನು ತೆಗೆದುಬಿಡಿ. ಐದೂವರೆ ಮೀಟರ್ ಸೀರೆಯನ್ನು 5 ಸಮಭಾಗ ಮಾಡಿದರೆ ಹೆಚ್ಚುಕಡಿಮೆ ಚೌಕದ ತುಂಡುಗಳಾಗುತ್ತವೆ. ಅವನ್ನು ಒಗೆದು ಒಣಗಿಸಿ, ಒಂದರ ಮೇಲೊಂದು ಹರಡಿ, ಪದರಗಳು ಜಾರದಂತೆ ಮೊದಲು ಉದ್ದುದ್ದ ಹೊಲಿಗೆ ಹಾಕಿಕೊಳ್ಳಿ. ಬಳಿಕ, ಉತ್ತರ ಕನ್ನಡದ ಸಿದ್ದಿ ಮಹಿಳೆಯರಂತೆ ಅಂಚಿನಿಂದ ಆರಂಭಿಸಿ, ಬೆರಳಗಲದ ಅಂತರದಲ್ಲಿ ಸುತ್ತುತ್ತ ನಡುವಿಗೆ ಬನ್ನಿ.

ಗುಂಡಿ, ಮಣಿ, ಕನ್ನಡಿಗಳು ಖಂಡಿತ ಬೇಡ. ಕಂಡದ್ದೆಲ್ಲವೂ ಬಾಯಿಗೆ ಹೋಗುವ ವಯಸ್ಸಿದು, ಗಂಟಲಿನಲ್ಲಿ ಸಿಲುಕೀತು. ವರ್ಷ ತುಂಬುವ ಮುನ್ನ ಮಲಗಿದ ಶಿಶುವಿನ ಬಳಿ ಸಡಿಲವಾದ ಹೊದಿಕೆ ಇರಕೂಡದೆಂಬುದು ಮಕ್ಕಳ ವೈದ್ಯರ ಸಲಹೆ. ಆದ್ದರಿಂದ ಕೌದಿಯನ್ನು ನಾಮಕರಣಕ್ಕಿಂತ ಮೊದಲ ಹುಟ್ಟುಹಬ್ಬಕ್ಕೆ ಕೊಡುವುದೇ ಸೂಕ್ತ. ಹಗಲಿನಲ್ಲಿ ಕುಳಿತು ಆಡಲು ಹಾಸಬಹುದು. ಮಗು ಹೆಜ್ಜೆಯಿಡತೊಡಗಿದಾಗ ಟೈಲ್ಸ್ ನೆಲದ ಮೇಲೆ ಜಾರುವುದರಿಂದ ಮಡಚಿಡಿ.

ಕೈಹೊಲಿಗೆಗೆ ತಿಂಗಳ ಮೊದಲೇ ಕುಳಿತುಕೊಳ್ಳಬೇಕು. ಹುಟ್ಟುಹಬ್ಬ ಮಳೆಗಾಲದಲ್ಲಿ ಬರುವುದಾದರೆ 3 ಪದರಗಳೇ ಸಾಕು. 5 ಪದರದ ಕೌದಿ ನಮ್ಮ ಬಾಲ್ಕನಿಗಳಲ್ಲಿ ಬೇಗನೆ ಒಣಗದು.